ಮಳೆ ಪುಸ್ತಕ, ಲೆಕ್ಕದ ಪುಸ್ತಕ, ಮತ್ತೆ ಕ್ವೆಸ್ನೆ ಹೇಳಿದ ಸಹಜ ಕ್ರಮ

ಹೋದ ವಾರ ಹೂಮಳೆ ಬಂತು, ಕಾಫಿ ಹೂ ಅರಳಿಸೋ ಮಳೆ. 1 ಇಂಚು 12 ಸೆಂಟ್. ರಾತ್ರಿ ಊಟಕ್ಕೆ ಕೂತಾಗ ಶುರುವಾಗಿದ್ದು ಮುಕ್ಕಾಲು ಗಂಟೆ ಹೊಡೆದು ನಿಂತ್ಹೋಯ್ತು, ಬೆಳಗ್ಗೆ ಅಪ್ಪ ಸ್ವೆಟರ್ ಹಾಕ್ಕೊಂಡು ಕಣದ ಮೂಲೇಲಿರೋ ಮಳೆಮಾಪಕದ ಹತ್ರ ಹೋಗಿ, ಒಳಗಿನ ನೀರನ್ನ ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದ್ರು. ಅವರಿಗೀಗ 79, ಕೈ ಸ್ವಲ್ಪ ನಡುಗುತ್ತೆ, ಆದ್ರೂ ಆ ಗ್ಲಾಸನ್ನ ಮಾತ್ರ ಬೇರೆಯವರ ಕೈಗೆ ಕೊಡಲ್ಲ. ಕೊಡಗಿನ ಹೊರಗಿನವರು ಓದ್ತಿದ್ರೆ ಒಂದು ಮಾತು, ನಮ್ಮಲ್ಲಿ ತೋಟದವರಿಗೆ ಮಳೆನ ಮಿಲಿಮೀಟರಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ, ಇಂಚು ಸೆಂಟೇ ಆಗ್ಬೇಕು, ನೂರು ಸೆಂಟಿಗೆ ಒಂದಿಂಚು. ಮಳೆ ಬಿದ್ದ ಮಾರನೇ ದಿನ ಸೋಮವಾರಪೇಟೆಯಿಂದ ವಿರಾಜಪೇಟೆವರೆಗೂ ಫೋನಲ್ಲಿ ಓಡಾಡೋದು ಇದೊಂದೇ ಪ್ರಶ್ನೆ, ನಿಮ್ಮಲ್ಲೆಷ್ಟು ಸೆಂಟ್?

ಅಪ್ಪನ ಹತ್ರ ಎರಡು ಪುಸ್ತಕ ಇವೆ. ಒಂದು ಮಳೆ ಪುಸ್ತಕ, 1971ರಿಂದ ಒಂದು ದಿನ ಬಿಡದೆ ಬರೆದದ್ದು (ಅವರು ಆಸ್ಪತ್ರೆಲಿದ್ದ ಹನ್ನೆರಡು ದಿನ ಅವ್ವ ಬರೆದಿದ್ದಾರೆ, ಅಕ್ಷರ ಬೇರೆ ಇದೆ). ಇನ್ನೊಂದು ಲೆಕ್ಕದ ಪುಸ್ತಕ, ಕಾಫಿ ಎಷ್ಟು ಮೂಟೆ, ಮೆಣಸು ಎಷ್ಟು, ಗೊಬ್ಬರಕ್ಕೆಷ್ಟು, ಬಟವಾಡೆಗೆಷ್ಟು, ಯಾವ ರೇಟಿಗೆ ಕೊಟ್ಟಿದ್ದು. ಎರಡೂ ಒಂದೇ ಬೀರುವಲ್ಲಿ ಇರೋದು, ಆದ್ರೆ ಬೇರೆ ಬೇರೆ ಅರೆಲಿ. ಚಿಕ್ಕವನಿದ್ದಾಗ ನಾನು ಒಂದ್ಸಲ ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ಕಾಫಿ ರೇಟು ಬರೆದಿದ್ದಕ್ಕೆ ಬೈಸ್ಕೊಂಡಿದ್ದು ಚೆನ್ನಾಗಿ ನೆನಪಿದೆ. ಇದು ಅದಲ್ಲ ಕಣೋ, ಅದು ಬೇರೆ ಇದು ಬೇರೆ, ಅಂದಿದ್ರು.

ಆ ಮಾತು ನನಗೆ ಈಗ ಮತ್ತೆ ನೆನಪಾಗ್ತಿರೋದು ಯಾಕಂದ್ರೆ, ಎರಡು ತಿಂಗಳಿಂದ ನಾನು 18ನೇ ಶತಮಾನದ ಫ್ರಾನ್ಸಿನ ಒಬ್ಬ ಡಾಕ್ಟರ ಬರಹ ಓದ್ತಾ ಇದ್ದೀನಿ, ಆತ ಈ ಎರಡು ಪುಸ್ತಕನೂ ಒಂದೇ ಅಂತ ಪೂರ್ತಿ ಮನಸ್ಸಿಂದ ನಂಬಿದ್ದ ಮನುಷ್ಯ. ಹೆಸರು ಫ್ರಾನ್ಸುವಾ ಕ್ವೆಸ್ನೆ. ಫ್ರೆಂಚರು ಕೆನೇ ಅಂತಾರೆ, ನಮ್ಮ ಎಂ.ಎ. ಟೆಕ್ಸ್ಟ್ ಬುಕ್ಕಲ್ಲಿ ಕ್ವೆಸ್ನೆ ಅಂತಿತ್ತು, ನಾನು ಹಾಗೇ ಬರೀತೀನಿ. ಮೈಸೂರಲ್ಲಿ ಓದುವಾಗ ಈತ ನಮಗೆ ಐದು ಮಾರ್ಕಿನ ಪ್ರಶ್ನೆ. ಪ್ರಕೃತಿವಾದಿಗಳು ಅಂದ್ರೆ ಯಾರು, ನಿವ್ವಳ ಉತ್ಪನ್ನ ಅಂದ್ರೇನು, ಮೂರು ವರ್ಗ ಯಾವುವು, ಬರೆದು ಮುಂದೆ ಆಡಂ ಸ್ಮಿತ್‌ಗೆ ಹೋಗೋದು. ತೋಟಕ್ಕೆ ವಾಪಸ್ ಬಂದು ಇಪ್ಪತ್ತು ವರ್ಷ ಆದ್ಮೇಲೆ ಓದಿದ್ರೆ ಆ ಐದು ಮಾರ್ಕಿನೊಳಗೆ ನಮ್ಮ ಮನೆ ಜಗಳ ಎಲ್ಲ ಇದೆ ಅನ್ನಿಸ್ತು, ಅದನ್ನೇ ಬರೆಯೋಣ ಅಂತ ಕೂತಿದ್ದೀನಿ.

ಕ್ವೆಸ್ನೆ ಹುಟ್ಟಿದ್ದು 1694ರಲ್ಲಿ, ಪ್ಯಾರಿಸ್ ಪಶ್ಚಿಮಕ್ಕೆ ಮೆರೆ ಅನ್ನೋ ಹಳ್ಳೀಲಿ. ಬೇಸಾಯದ ಮನೆ. ಮೊದಲು ಸರ್ಜನ್ ಆದ, ರಕ್ತ ತೆಗೆಯೋ ಚಿಕಿತ್ಸೆ ಬಗ್ಗೆ 1730ರಲ್ಲೇ ಪುಸ್ತಕ ಬರೆದ, ಆಮೇಲೆ ಫಿಸಿಷಿಯನ್ ಆಗಿ 1749ರಲ್ಲಿ ದೊರೆ 15ನೇ ಲೂಯಿಯ ಪ್ರೇಯಸಿ ಮದಾಂ ದ ಪೊಂಪದೂರ್‌ಗೆ ವೈದ್ಯನಾಗಿ ವರ್ಸಾಯ್ ಅರಮನೆಗೇ ಬಂದು ಸೇರ್ಕೊಂಡ. ಅಲ್ಲಿ ಅವನಿಗೆ ಕೊಟ್ಟಿದ್ದು ಎರಡು ಮಹಡಿ ನಡುವಿನ ತಗ್ಗು ಸೂರಿನ ರೂಮು. ಮಹಾ ವಿಶ್ವಕೋಶದ ಸಂಪಾದಕರು ದಿದೆರೋ, ದಲಾಂಬೇರ್, ಮುಂದೆ ಮಂತ್ರಿಯಾದ ಟುರ್ಗೋ ಎಲ್ಲ ಅಲ್ಲಿಗೆ ಬಂದು ಹರಟೆ ಹೊಡೀತಿದ್ರಂತೆ. ಅರವತ್ತು ದಾಟೋವರೆಗೂ ಅರ್ಥಶಾಸ್ತ್ರದ ಬಗ್ಗೆ ಒಂದಕ್ಷರ ಪ್ರಿಂಟ್ ಮಾಡಿರಲಿಲ್ಲ. 1756ರಲ್ಲಿ ಆ ವಿಶ್ವಕೋಶಕ್ಕೆ ಬೇಸಾಯಗಾರರ ಬಗ್ಗೆ ಒಂದು ಲೇಖನ, 1757ರಲ್ಲಿ ಧಾನ್ಯದ ಬಗ್ಗೆ ಒಂದು, 1758ರಲ್ಲಿ ಆರ್ಥಿಕ ಕೋಷ್ಟಕ. ಅಲ್ಲಿಂದ ಹತ್ತು ವರ್ಷದಲ್ಲಿ ಸುತ್ತ ಒಂದು ಪಂಥವೇ ಬೆಳೀತು, ಅವರೇ ಪ್ರಕೃತಿವಾದಿಗಳು.

ಇವರೆಲ್ಲ ಸೇರಿ ಹೇಳಿದ ಮುಖ್ಯ ಮಾತು ಏನಂದ್ರೆ, ಮನುಷ್ಯ ಮಾಡೋ ಕಾನೂನಿಗಿಂತ ಮೊದಲೇ ಒಂದು ಕ್ರಮ ಇದೆ, ಅದು ಸಹಜ ಕ್ರಮ. ಬೀಜ ಯಾವಾಗ ಬಿತ್ತಬೇಕು ಅನ್ನೋದು ರಾಜನ ಆಜ್ಞೆಯಿಂದ ಬದಲಾಗಲ್ಲ. ಮಣ್ಣಿಗೆ ಹಾಕಿದ್ರೆ ಮಣ್ಣು ಕೊಡುತ್ತೆ, ಹಾಕದಿದ್ರೆ ಕೊಡಲ್ಲ, ಇದು ಭೌತಿಕ ನಿಯಮ. ಈ ನಿಯಮಕ್ಕೆ ಹೊಂದ್ಕೊಂಡು ಮನುಷ್ಯರು ಹೇಗೆ ನಡ್ಕೋಬೇಕು ಅನ್ನೋದು ನೈತಿಕ ನಿಯಮ. ಎರಡೂ ಸೇರಿದ್ರೆ ಪ್ರಕೃತಿ ನಿಯಮ. ದೊರೆ ಮಂತ್ರಿ ಎಲ್ಲ ಹೊಸದಾಗಿ ಕಾನೂನು ಸೃಷ್ಟಿ ಮಾಡೋದಲ್ಲ, ಮೊದಲೇ ಇರೋದನ್ನ ಬುದ್ಧಿಯಿಂದ ಕಂಡ್ಕೊಂಡು ಸಾರೋದು ಅಷ್ಟೇ ಅವರ ಕೆಲಸ. ಫಿಸಿಯೋಕ್ರಸಿ ಅನ್ನೋ ಪದದ ಅರ್ಥವೇ ಪ್ರಕೃತಿಯ ಆಳ್ವಿಕೆ, ಡ್ಯುಪಾಂಟ್ ದ ನೆಮೂರ್ ಅನ್ನೋ ಶಿಷ್ಯ ಆ ಹೆಸರಲ್ಲೇ ಗುರುವಿನ ಬರಹಗಳನ್ನ ಸೇರಿಸಿ ಪ್ರಿಂಟ್ ಹಾಕಿಸಿದ. ಮರ್ಸಿಯೇ ದ ಲಾ ರಿವಿಯೇರ್ ಅನ್ನೋನು 1767ರಲ್ಲಿ ಬರೆದ ದಪ್ಪ ಪುಸ್ತಕದ ಹೆಸರಲ್ಲೇ ಸಹಜ ಕ್ರಮ ಇದೆ.

ಡಾಕ್ಟರ್ ಆದವನಿಗೆ ಈ ಯೋಚನೆ ಬಂದಿದ್ದು ನನಗೆ ಆಶ್ಚರ್ಯ ಅನ್ನಿಸಲ್ಲ. ಮೈಯಲ್ಲಿ ರಕ್ತ ಓಡೋದು ಯಾರ ಅಪ್ಪಣೆಯಿಂದಾನೂ ಅಲ್ಲ, ಡಾಕ್ಟರ್ ಮಾಡಬಹುದಾದ್ದು ಅದಕ್ಕೆ ಅಡ್ಡ ಬರದೆ ಇರೋದು, ಅಡ್ಡ ಇದ್ರೆ ತೆಗೆಯೋದು. ದೇಶನೂ ಒಂದು ಮೈ ಥರ ಅಂದ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಬರುತ್ತೆ.

ಈಗ ನನಗೆ ಈ ಮನುಷ್ಯನ ಮೇಲೆ ನಿಜವಾದ ಗೌರವ ಇರೋ ಭಾಗಕ್ಕೆ ಬರ್ತೀನಿ. ಸಹಜ ಕ್ರಮ ಅಂದ್ರೆ ಸುಮ್ನೆ ಬಿಟ್ಟುಬಿಡೋದು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ, ಬಿಟ್ಟುಬಿಡಿ ಹೋಗಲಿಬಿಡಿ ಅನ್ನೋ ಫ್ರೆಂಚ್ ಮಾತು ಅಷ್ಟು ಫೇಮಸ್ ಆಗಿದೆ. ಆದ್ರೆ ಕ್ವೆಸ್ನೆ ಬರೆದಿರೋದನ್ನ ಓದಿದ್ರೆ ಪುಟಪುಟದಲ್ಲೂ ಬರೋ ಪದ ಮುಂಗಡ. ಭೂಮಿ ಕೊಡುತ್ತೆ ನಿಜ, ಆದ್ರೆ ಮೊದಲು ನಾವು ಹಾಕಿರ್ಬೇಕು. ಅವನ ಪ್ರಕಾರ ಮುಂಗಡ ಮೂರು ಥರ: ಕಾಡು ಕಡಿದು ಚರಂಡಿ ತೋಡಿ ಬೇಲಿ ಹಾಕಿ ಭೂಮಿನ ಬೇಸಾಯಕ್ಕೆ ತರೋ ಖರ್ಚು, ಅದು ಭೂಮಾಲೀಕನದು, ಆಮೇಲೆ ಬೇಸಾಯಗಾರ ಶುರುವಲ್ಲಿ ಹಾಕೋ ಕುದುರೆ ನೇಗಿಲು ದನ ಇವೆಲ್ಲದರ ಬಂಡವಾಳ, ಮೂರನೇದು ವರ್ಷ ವರ್ಷ ಬೀಜಕ್ಕೂ ಆಳಿನ ಊಟಕ್ಕೂ ಕೂಲಿಗೂ ಹಾಕೋದು. ಬೆಳೆ ಬಂದ್ಮೇಲೆ ಈ ಮುಂಗಡ ಎಲ್ಲ ಬಡ್ಡಿ ಸವಕಲು ಸಮೇತ ಬೇಸಾಯಗಾರನ ಕೈಗೆ ಮೊದಲು ವಾಪಸ್ ಬರ್ಬೇಕು, ಅದಾದ್ಮೇಲೆ ಉಳಿಯೋದೇ ನಿವ್ವಳ ಉತ್ಪನ್ನ, ಅದು ಮಾಲೀಕನಿಗೆ ಗೇಣಿಯಾಗಿ ಹೋಗೋದು, ತೆರಿಗೆ ಹಾಕೋದಾದ್ರೆ ಅದರ ಮೇಲೆ ಮಾತ್ರ ಹಾಕಿ, ಮುಂಗಡಕ್ಕೆ ಕೈ ಹಾಕಿದ್ರೆ ಮುಂದಿನ ವರ್ಷದ ಬೆಳೆಗೇ ಕೈ ಹಾಕಿದ ಹಾಗೆ ಅಂತ ಅವನ ವಾದ. ಆಗಿನ ಫ್ರಾನ್ಸಲ್ಲಿ ಆಗ್ತಿದ್ದದ್ದು ಅದೇ. ದೊಡ್ಡ ದೊಡ್ಡ ಜಮೀನ್ದಾರರಿಗೆ ಪಾದ್ರಿಗಳಿಗೆ ಎಷ್ಟೋ ತೆರಿಗೆ ಮಾಫಿ, ಹಳ್ಳಿಯವನ ಮೇಲೆ ತೆರಿಗೆ, ಮೇಲಿಂದ ರಸ್ತೆ ಕೆಲಸಕ್ಕೆ ಬಿಟ್ಟಿ ದುಡಿಮೆ. ಬಡ ರೈತ ಅಂದ್ರೆ ಬಡ ರಾಜ್ಯ, ಬಡ ರಾಜ್ಯ ಅಂದ್ರೆ ಬಡ ರಾಜ ಅಂತ ಬರೆದು ಅರಮನೆಲೇ ಇದ್ದ ಆತ. ಮಿರಾಬೋ ಅನ್ನೋ ಅವನ ಶಿಷ್ಯ 1760ರಲ್ಲಿ ತೆರಿಗೆ ಬಗ್ಗೆ ಬರೆದಿದ್ದಕ್ಕೆ ಕೆಲವು ದಿನ ಜೈಲಲ್ಲೂ ಇದ್ದು ಬಂದ.

ತೋಟ ಮಾಡೋನಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಕಾಫಿ ಗಿಡ ನೆಟ್ಟರೆ ಮೂರ್ನಾಲ್ಕು ವರ್ಷ ಬರೀ ಹಾಕೋದೇ. ಮರಗಸಿ (ನೆರಳು ಮರದ ಕೊಂಬೆ ಇಳಿಸೋದು), ಚಿಗುರು ತೆಗೆಯೋದು, ಗೊಬ್ಬರ, ಸುಣ್ಣ, ಅರೇಬಿಕಾ ಆದ್ರೆ ಬೋರರ್ ಹುಳ ಹಿಡಿದ ಗಿಡ ಹುಡುಕಿ ಕಿತ್ತು ಸುಡೋದು. ಹೊರಗಿಂದ ಬಂದವರು ನಮ್ಮ ತೋಟ ನೋಡಿ ಕಾಡು ಥರ ಎಷ್ಟು ನ್ಯಾಚುರಲ್ ಆಗಿದೆ ಅಂತಾರೆ, ಮೇಲೆ ಹಲಸು ಅತ್ತಿ ನಂದಿ, ಮಧ್ಯೆ ಹಾಲುವಾಣ, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ. ಯಾವ ಮರದ ಯಾವ ಕೊಂಬೆ ಇಳಿಸಿದ್ರೆ ಎಷ್ಟು ಬಿಸಿಲು ಬೀಳುತ್ತೆ ಅಂತ ಮರದ ಮೇಲೆ ಹಗ್ಗ ಕಟ್ಕೊಂಡು ನಿಂತು ಕಡಿಯೋರಿಗೆ ಗೊತ್ತು. ಒಂದು ವರ್ಷ ಮರಗಸಿ ಬಿಟ್ರೆ ಬೆಳಕು ಸಾಲದೆ ಹೂ ಕಡಿಮೆ, ಜಾಸ್ತಿ ಕಡಿದ್ರೆ ಬೇಸಿಗೆಲಿ ಗಿಡ ಬಾಡುತ್ತೆ. ಇದು ಪ್ರಕೃತಿಯ ನಿಯಮಕ್ಕೆ ತಕ್ಕ ಹಾಗೆ ಮನುಷ್ಯರು ಕೈಯಾರೆ ಮಾಡಿಟ್ಟ ಕ್ರಮ, ಕ್ವೆಸ್ನೆಗೆ ತೋರಿಸಿದ್ರೆ ತಕ್ಷಣ ಅರ್ಥ ಆಗ್ತಿತ್ತು ಅಂತ ನನಗೆ ಗ್ಯಾರಂಟಿ ಇದೆ.

ಅವನ ಕೋಷ್ಟಕನೂ ಒಂದು ಸಂಜೆ ಕೂತು ಹಾಕಿ ನೋಡಿದೆ, ಹಳೇ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಹಾಳೆ ಹಿಂಬದೀಲಿ. ನಡುವೆ ಮಾಲೀಕ, ಎಡಕ್ಕೆ ಬೇಸಾಯಗಾರ, ಬಲಕ್ಕೆ ಕುಶಲಕರ್ಮಿ ವ್ಯಾಪಾರಿ ಎಲ್ಲ, ಈ ಬಲದವರನ್ನ ಅವನು ಬರಡು ವರ್ಗ ಅಂದ, ಕೆಲಸ ಮಾಡಲ್ಲ ಅಂತಲ್ಲ, ಹಾಕಿದ್ದಕ್ಕಿಂತ ಹೆಚ್ಚು ಹುಟ್ಟಿಸಲ್ಲ ಅಂತ. ಮಾಲೀಕನ ಹತ್ರ 600 ಲಿವ್ರ್ (ಆಗಿನ ಫ್ರೆಂಚ್ ದುಡ್ಡು) ಗೇಣಿ ಇದೆ ಅಂತಿಟ್ಕೊಳಿ. 300 ಎಡಕ್ಕೆ, ಊಟಕ್ಕೆ. 300 ಬಲಕ್ಕೆ, ಬಟ್ಟೆಬರೆ ಪಾತ್ರೆಪಡಗಕ್ಕೆ. ಎಡದವನು ಬಂದ 300ರಲ್ಲಿ ಅರ್ಧ ಬಲಕ್ಕೆ ಕೊಡ್ತಾನೆ, ಬಲದವನು ಅವನ 300ರಲ್ಲಿ ಅರ್ಧ ಎಡಕ್ಕೆ, ಆಮೇಲೆ 150ರ ಅರ್ಧ 75, ಹೀಗೆ ಗೆರೆ ಅಡ್ಡಡ್ಡ ಓಡಾಡಿ ಓಡಾಡಿ ಹಾಳೆ ತುಂಬ ಚಾಪೆ ಹೆಣೆದ ಹಾಗೆ ಕಾಣುತ್ತೆ. ಎಡಗಡೆ ಬಂದಿದ್ದೆಲ್ಲ ಕೂಡಿದ್ರೆ 300, 150, 75, ಮೂವತ್ತೇಳೂವರೆ, ಹೀಗೇ ಹೋಗಿ ಕೊನೆಗೆ 600. ಭೂಮಿಗೆ ಬಿದ್ದ ಆ 600 ಅಷ್ಟೇ ನಿವ್ವಳ ಹುಟ್ಟಿಸುತ್ತೆ, ಮಾಲೀಕನಿಗೆ ಮತ್ತೆ 600 ಗೇಣಿ, ವರ್ಷ ತಿರುಗುತ್ತೆ. ಪೆನ್ಸಿಲಲ್ಲಿ ಕೊನೇ ಗೆರೆ ಎಳೆದು ಲೆಕ್ಕ ಕೂಡಿದಾಗ ನಿಜವಾಗ್ಲೂ ಮೈ ಜುಂ ಅಂತು. ಒಂದು ಇಡೀ ದೇಶದ ದುಡ್ಡು ಹೇಗೆ ಸುತ್ತುತ್ತೆ ಅಂತ ಒಂದು ಹಾಳೇಲಿ ಹೀಗೆ ಬಿಡಿಸಿ ತೋರಿಸಿದ್ದು ಈತನೇ ಮೊದಲು.

ಇದ್ರಲ್ಲೇ ಒಂದು ಎಚ್ಚರಿಕೆನೂ ಇಟ್ಟಿದ್ದಾನೆ. ಮಾಲೀಕ ಅರ್ಧಕ್ಕಿಂತ ಜಾಸ್ತಿ ಬಲಕ್ಕೆ, ಅಂದ್ರೆ ಆಡಂಬರಕ್ಕೆ ಹಾಕಿದ್ರೆ ಎಡಕ್ಕೆ ಬೀಳೋದು ಕಮ್ಮಿಯಾಗಿ 600 ವಾಪಸ್ ಬರಲ್ಲ, ವರ್ಷ ವರ್ಷ ಇಳೀತಾ ಹೋಗುತ್ತೆ. ಈಚೆಗೆ ಎರಡ್ಮೂರು ವರ್ಷ ರೊಬಸ್ಟಾಗೆ ಯಾರೂ ಕನಸಲ್ಲೂ ಕಾಣದ ರೇಟ್ ಬಂದಾಗ ಆ ದುಡ್ಡು ಎಲ್ಲಿಗೆ ಹೋಯ್ತು ಅಂತ ನಾವು ನಾವೇ ಕೇಳ್ಕೊಂಡ್ರೆ, ಗೊಬ್ಬರಕ್ಕೆ, ಹಳೇ ಗಿಡ ಕಿತ್ತು ಹೊಸದು ನೆಡೋಕೆ, ಆಳುಗಳ ಲೈನ್ ಮನೆ ಸೂರಿಗೆ ಎಷ್ಟು ಹೋಯ್ತು, ಕಾರಿಗೆ ಮದುವೆಗೆ ಎಷ್ಟು ಹೋಯ್ತು ಅಂತ ಕೂತು ಬರೆದ್ರೆ, ಈ ಕೋಷ್ಟಕ 1758ರದು ಅನ್ನಿಸಲ್ಲ.

ಇಲ್ಲಿಂದ ಮುಂದೆ ಬೆಲೆ ವಿಷಯ. ಇಲ್ಲೇ ನಮ್ಮ ಮನೆ ಜಗಳ ಇರೋದು.

ಆಗ ಫ್ರಾನ್ಸಲ್ಲಿ ಗೋಧಿ ಮಾರೋದು ಅಂದ್ರೆ ಹೆಜ್ಜೆಹೆಜ್ಜೆಗೂ ಕಟ್ಟುಪಾಡು. ಮನೆ ಬಾಗ್ಲಲ್ಲಿ ಮಾರೋ ಹಾಗಿಲ್ಲ, ಸಂತೆಗೇ ತರ್ಬೇಕು. ಸಂತೇಲಿ ಮೊದಲ ಸ್ವಲ್ಪ ಹೊತ್ತು ಮನೆಬಳಕೆಗೆ ಕೊಳ್ಳೋರಿಗೆ ಮಾತ್ರ, ಆಮೇಲೆ ಬೇಕರಿಯವರಿಗೆ, ಕೊನೆಗೆ ವ್ಯಾಪಾರಿಗಳಿಗೆ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಸಾಗಿಸೋಕೆ ಪರ್ಮಿಶನ್, ದೇಶದಿಂದಾಚೆಗೆ ಸಾಮಾನ್ಯವಾಗಿ ಇಲ್ಲವೇ ಇಲ್ಲ, ದಾಸ್ತಾನು ಇಟ್ಟವನು ಕಳ್ಳನ ಹಾಗೆ. ಉದ್ದೇಶ ಒಳ್ಳೇದೇ, ಪಟ್ಟಣದವರಿಗೆ ಬ್ರೆಡ್ ಅಗ್ಗಕ್ಕೆ ಸಿಗ್ಬೇಕು. ಆದ್ರೆ ಬೆಳೆದವನಿಗೆ ಮುಂಗಡ ವಾಪಸ್ ಬರ್ತಿರಲಿಲ್ಲ ಅಂತ ಕ್ವೆಸ್ನೆ ವಾದ. ಬೆಳೆ ಸಮೃದ್ಧಿಯಾಗಿದ್ದು ಬೆಲೆ ಇಲ್ಲದಿದ್ರೆ ಅದು ಸಂಪತ್ತಲ್ಲ, ಬೆಳೆ ಇಲ್ಲದೆ ಬೆಲೆ ಏರಿದ್ರೆ ಅದು ದಾರಿದ್ರ್ಯ, ಬೆಳೆನೂ ಇದ್ದು ಬೆಲೆನೂ ಇದ್ರೆ ಐಶ್ವರ್ಯ, ಅಂತ ಅವನ ಸೂತ್ರಗಳಲ್ಲೊಂದು. ಧಾನ್ಯ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಲಿ, ತಡೀಬೇಡಿ, ಒಳ್ಳೇ ಬೆಲೆ ತಾನಾಗೇ ನಿಲ್ಲುತ್ತೆ, ಅದೇ ಸಹಜ ಕ್ರಮ.

ಇದನ್ನ ಓದಿದಾಗ ನನ್ನ ಕಣ್ಮುಂದೆ ಬಂದಿದ್ದು ಅಪ್ಪ ಮತ್ತೆ ದೊಡ್ಡಪ್ಪ. ನಮ್ಮಲ್ಲಿ ಕಾಫಿಗೂ ಇಂಥದ್ದೇ ಕಟ್ಟಿತ್ತಲ್ಲ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರ್ಕೆಟ್ ಮುಚ್ಚಿದಾಗ ಶುರುವಾಗಿದ್ದು, 1942ರ ಕಾಯ್ದೆ, ಮನೆ ಬಳಕೆಗೆ ಬೀಜಕ್ಕೆ ಅಂತ ಇಟ್ಕೊಂಡು ಉಳಿದಿದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದ್ರೆ ಎಲ್ಲರ ಕಾಫಿ ಒಟ್ಟಿಗೆ ಮಾರೋ ವ್ಯವಸ್ಥೆಗೆ ಹಾಕ್ಬೇಕು, ದುಡ್ಡು ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಬರ್ತಿತ್ತು. 1990ರ ನಂತರ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬಂದು 1996ಕ್ಕೆ ಪೂರ್ತಿ ಬೆಳೆಗಾರನ ಕೈಗೇ ಬಿಟ್ಟರು. ದೊಡ್ಡಪ್ಪ ಆಗ ತುಂಬ ಖುಷಿ ಪಟ್ಟಿದ್ರು. ನನ್ನ ಕಾಫಿ ನಾನು ಮಾರೋಕೆ ಇನ್ನೊಬ್ಬರ ಅಪ್ಪಣೆ ಯಾಕೆ, ಗದ್ದೇಲಿ ಬೆಳೆದ ಭತ್ತಕ್ಕಿಲ್ಲದ್ದು ಇದಕ್ಕ್ಯಾಕೆ, ಅಂತಿದ್ರು. ಅವರು ಕ್ವೆಸ್ನೆ ಹೆಸರು ಕೇಳಿದವರಲ್ಲ, ಆದ್ರೆ ಮಾತು ಅದೇ. ಅಪ್ಪ ಸುಮ್ನೆ ಕೇಳಿಸ್ಕೊಂಡು, ರೇಟ್ ಬಿದ್ದಾಗ ಏನು ಮಾಡ್ತೀಯ ಅಣ್ಣ ಅಂತಷ್ಟೇ ಕೇಳ್ತಿದ್ರು. ಮೊದಲ ಕೆಲವು ವರ್ಷ ದೊಡ್ಡಪ್ಪನೇ ಸರಿ, ಒಳ್ಳೇ ರೇಟ್. 2001, 2002ಕ್ಕೆ ಬಂದಾಗ ಪ್ರಪಂಚದಾದ್ಯಂತ ಕಾಫಿ ಬೆಲೆ ನೆಲಕಚ್ಚಿತು, ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆ ಎರಡು ವರ್ಷದ ಪುಟ ನೋಡಿದ್ರೆ ಈಗ್ಲೂ ಹೊಟ್ಟೆ ಒಂಥರಾ ಆಗುತ್ತೆ, ಕೊಯ್ದ ಕೂಲಿಗೆ ಕಾಫಿ ದುಡ್ಡು ಸಾಕಾಗಿಲ್ಲ, ಮೆಣಸು ಮಾರಿ ಬಟವಾಡೆ ಮಾಡಿದ್ದಾರೆ. ಅದೇ ಎರಡು ವರ್ಷದ ಮಳೆ ಪುಸ್ತಕ ತೆಗೆದು ನೋಡಿದೆ. ಹೂಮಳೆ ಸರಿಯಾಗಿ ಬಂದಿದೆ, ಹೂ ಆದ್ಮೇಲೆ ಕಾಯಿ ಕಚ್ಚೋಕೆ ಬೇಕಾದ ಬ್ಯಾಕಿಂಗ್ ಮಳೆನೂ ಬಂದಿದೆ. ಬೆಳೆ ಚೆನ್ನಾಗಿತ್ತು.

ಫ್ರಾನ್ಸಲ್ಲೂ ಇದರ ಪರೀಕ್ಷೆ ಆಯ್ತು, ಎರಡು ಸಲ. 1763ರಲ್ಲಿ ದೇಶದೊಳಗೆ, 1764ರಲ್ಲಿ ಹೊರಗೂ ಧಾನ್ಯದ ವ್ಯಾಪಾರ ಬಿಟ್ಟರು. ಆಮೇಲೆ ಸಾಲಾಗಿ ಕೆಟ್ಟ ಬೆಳೆ, ಬೆಲೆ ಏರಿತು, ಜನ ದೊರೆನೇ ದಾಸ್ತಾನು ಮಾಡಿ ನಮ್ಮನ್ನ ಸಾಯಿಸ್ತಿದ್ದಾನೆ ಅಂತ ಮಾತಾಡೋಕೆ ಶುರು ಮಾಡಿದ್ರು, 1770ರಲ್ಲಿ ವಾಪಸ್ ತಗೊಂಡ್ರು. ಎರಡನೇ ಸಲ ಟುರ್ಗೋ ಮಂತ್ರಿಯಾದಾಗ, 1774ರ ಸೆಪ್ಟೆಂಬರಲ್ಲಿ ಮತ್ತೆ ಬಿಟ್ಟ. ಆ ವರ್ಷನೂ ಬೆಳೆ ಕಮ್ಮಿ. 1775ರ ಏಪ್ರಿಲ್ ಕೊನೇಲಿ ಬೋಮೋಂ ಅನ್ನೋ ಊರಿನ ಸಂತೇಲಿ ಶುರುವಾಗಿದ್ದು ಮೇ 2ಕ್ಕೆ ವರ್ಸಾಯ್‌ಗೆ, 3ಕ್ಕೆ ಪ್ಯಾರಿಸ್‌ಗೆ ಬಂತು, ಹಿಟ್ಟಿನ ಯುದ್ಧ ಅಂತ ಕರೀತಾರೆ. ಇದ್ರಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಏನಂದ್ರೆ, ಎಷ್ಟೋ ಕಡೆ ಜನ ಲೂಟಿ ಹೊಡೀಲಿಲ್ಲ. ಮೂಟೆ ಹಿಡಿದು ನಿಲ್ಲಿಸಿ, ಇದಕ್ಕೆ ಇಷ್ಟೇ ನ್ಯಾಯವಾದ ಬೆಲೆ ಅಂತ ತಾವೇ ಹೇಳಿ, ಆ ದುಡ್ಡು ಕೊಟ್ಟು ಒಯ್ದರು. ಬಡವರ ದುಡಿಮೇಲಿ ಅರ್ಧಕ್ಕರ್ಧ ಬ್ರೆಡ್ಡಿಗೇ ಹೋಗ್ತಿದ್ದ ಕಾಲ ಅದು. ಟುರ್ಗೋ ಸೈನ್ಯ ಕರೆಸಿದ, ಇಬ್ಬರನ್ನ ಪ್ಯಾರಿಸ್ ಚೌಕದಲ್ಲಿ ನೇಣಿಗೆ ಹಾಕಿದ್ರು. ಮುಂದಿನ ವರ್ಷ ಮೇನಲ್ಲಿ ಟುರ್ಗೋನ ಕೆಲಸನೂ ಹೋಯ್ತು. ಕ್ವೆಸ್ನೆ ಈ ಹಿಟ್ಟಿನ ಯುದ್ಧ ನೋಡಲಿಲ್ಲ, 1774ರ ಡಿಸೆಂಬರ್ 16ಕ್ಕೇ ತೀರ್ಕೊಂಡಿದ್ದ.

ಟುರ್ಗೋನ ಮೇಲೆ ಸುಲಭಕ್ಕೆ ಕೋಪ ಮಾಡ್ಕೊಳ್ಳೋಕೂ ಆಗಲ್ಲ. ಅವನು ಮಂತ್ರಿ ಆಗೋಕೆ ಮುಂಚೆ ಲಿಮೋಜ್ ಅನ್ನೋ ಬಡ ಪ್ರಾಂತ್ಯದಲ್ಲಿ ಹದಿಮೂರು ವರ್ಷ ಅಧಿಕಾರಿ. 1770ರ ಬರಗಾಲದಲ್ಲಿ ಅಲ್ಲಿ ಧಾನ್ಯದ ವ್ಯಾಪಾರಕ್ಕೆ ಅಡ್ಡಿ ಮಾಡಲಿಲ್ಲ ನಿಜ, ಆದ್ರೆ ಕೆಲಸ ಇಲ್ಲದವರಿಗೆ ರಸ್ತೆ ಕೆಲಸ ಹುಟ್ಟಿಸಿ ಕೂಲಿ ಕೊಡಿಸಿದ, ಭೂಮಾಲೀಕರಿಗೆ ನಿಮ್ಮ ಪಾಲುಗಾರಿಕೆ ರೈತರನ್ನ ಓಡಿಸೋ ಹಾಗಿಲ್ಲ, ಮುಂದಿನ ಕೊಯ್ಲಿನವರೆಗೂ ನೀವೇ ಊಟ ಹಾಕ್ಬೇಕು ಅಂತ ಆಜ್ಞೆ ಹೊರಡಿಸಿದ. ಸಹಜ ಕ್ರಮ ತಾನಾಗೇ ಹೊಟ್ಟೆ ತುಂಬಿಸುತ್ತೆ ಅಂತ ಅವನೇ ಕಾದು ಕೂರಲಿಲ್ಲ. ಅದೇ 1770ರಲ್ಲಿ ಗಾಲಿಯಾನಿ ಅನ್ನೋ ನೇಪಲ್ಸಿನ ಪಾದ್ರಿ ಈ ಪಂಥದ ವಿರುದ್ಧ ಒಂದು ಪುಸ್ತಕ ಬರೆದ, ಅವನ ವಾದ ಸರಳ: ಎಲ್ಲ ಕೊನೆಗೆ ಸಮ ಆಗುತ್ತೆ ನಿಜ, ಆದ್ರೆ ಧಾನ್ಯ ದೂರದಿಂದ ಬರೋಕೆ ವಾರಗಟ್ಟಲೆ ಬೇಕು, ಹಸಿವು ಅಷ್ಟು ದಿನ ಕಾಯಲ್ಲ.

ನನಗನ್ನಿಸೋದು ಇಷ್ಟು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳುತ್ತೆ, ಇದನ್ನ ಯಾರೂ ಮಾತುಕತೆ ಆಡಿ ಬದಲಾಯಿಸೋಕೆ ಆಗಲ್ಲ. ಇದರ ಬಗ್ಗೆ ಕ್ವೆಸ್ನೆ ಹೇಳಿದ್ದೆಲ್ಲ ಸರಿ, ಮಣ್ಣಿಗೆ ವಾಪಸ್ ಹಾಕ್ಬೇಕು ಅನ್ನೋದೂ ಸರಿ. ಆದ್ರೆ ಬೆಲೆ ಅನ್ನೋದು ಮನುಷ್ಯರ ನಡುವಿನ ವಿಷಯ. ಯಾರ ಹತ್ರ ಗೋಡೌನ್ ಇದೆ, ಯಾರು ಎರಡು ತಿಂಗಳು ಕಾಯಬಲ್ಲರು, ಯಾರು ಶನಿವಾರದ ಬಟವಾಡೆಗೋಸ್ಕರ ಇವತ್ತೇ ಕಾಫಿ ಚೆರಿ ಮಾರ್ಬೇಕು, ಇದೆಲ್ಲ ಸೇರಿ ಆಗೋದು ಅದು. ಇದನ್ನೂ ಮಳೆ ಅರೆಗೇ ತಂದಿಟ್ಟುಬಿಟ್ರೆ, ರೇಟ್ ಬಿದ್ದು ಯಾರೋ ತೋಟ ಮಾರ್ಕೊಂಡ್ರೆ ಅದು ಆಲಿಕಲ್ಲು ಬಿದ್ದ ಹಾಗೆ, ಯಾರನ್ನೂ ಕೇಳೋ ಹಾಗೇ ಇಲ್ಲ ಅಂತ ಆಗಿಬಿಡುತ್ತೆ.

ಆಸ್ತಿ ವಿಷಯನೂ ಹಾಗೇ. ಭೂಮಿಯ ಒಡೆತನ ಸಹಜ ಕ್ರಮದ ಬುನಾದಿ ಅಂತ ಇವರೆಲ್ಲ ಬರೆದ್ರು, ಮೊದಲನೇ ಆಸ್ತಿ ಅಂದ್ರೆ ಮನುಷ್ಯನಿಗೆ ಅವನ ದೇಹದ ಮೇಲಿರೋ ಒಡೆತನ ಅಂತಾನೂ ಬರೆದ್ರು. ಆದ್ರೆ ಮೇಲೆ ಹೇಳಿದೆನಲ್ಲ ಮರ್ಸಿಯೇ ದ ಲಾ ರಿವಿಯೇರ್, ಆತ ಆ ಪುಸ್ತಕ ಬರೆಯೋಕೆ ಮುಂಚೆ, 1759ರಿಂದ 1764ರವರೆಗೆ, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಫ್ರೆಂಚ್ ದೊರೆಯ ದೊಡ್ಡ ಅಧಿಕಾರಿ. ಮಾರ್ಟಿನಿಕ್ ಅಂದ್ರೆ ಕಬ್ಬಿನ ತೋಟ, ಕಾಫಿ ತೋಟ, ಅಷ್ಟೂ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆ. ಇದನ್ನ ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಹೋಗಿ ಕಣದಲ್ಲಿ ನಿಂತಿದ್ದೆ ಸುಮಾರು ಹೊತ್ತು. ಕಾಫಿ ತೋಟನ ಅಷ್ಟು ಹತ್ರದಿಂದ ನೋಡಿದ ಮನುಷ್ಯ.

ನಮ್ಮದೇನು ಸ್ವಚ್ಛ ಅಂತ ಹೇಳೋಕೆ ನಾನು ತಯಾರಿಲ್ಲ. ಕ್ವೆಸ್ನೆಯ ಮುಂಗಡ ಅನ್ನೋ ಪದಕ್ಕೆ ನಮ್ಮ ತೋಟಗಳಲ್ಲಿ ಅಡ್ವಾನ್ಸ್ ಅಂತೀವಲ್ಲ, ಆ ಅಡ್ವಾನ್ಸಿಗೆ ಇಲ್ಲಿ ಬೇರೇನೇ ಚರಿತ್ರೆ ಇದೆ. ಮೇಸ್ತ್ರಿ ಕೈಲಿ ಅಡ್ವಾನ್ಸ್ ಕೊಟ್ಟು ಆಳು ಕರೆಸೋದು, ಆ ಸಾಲ ತೀರದೆ ಆಳು ತೋಟ ಬಿಟ್ಟು ಹೋಗೋ ಹಾಗಿಲ್ಲ. ಎರವ ಪಣಿಯ ಬುಡಕಟ್ಟಿನವರು ತಲೆತಲಾಂತರದಿಂದ ಜೀತದಲ್ಲಿ ದುಡಿದ ನೆಲ ಇದು. 1976ರ ಕಾನೂನು ಜೀತ ತಪ್ಪು ಅಂತ ಹೇಳೋವರೆಗೂ ಅದು ಇಲ್ಲಿ ಎಲ್ಲರ ಕಣ್ಣಿಗೂ ಸಹಜ ಕ್ರಮದ ಹಾಗೇ ಕಾಣ್ತಿತ್ತು, ಮಳೆ ಬಂದ ಹಾಗೆ, ಬೆಳೆ ಬಂದ ಹಾಗೆ. ಕ್ವೆಸ್ನೆಯ ಕೋಷ್ಟಕದಲ್ಲೂ ಕೂಲಿಯವರಿಗೆ ಅವರದೇ ಒಂದು ಸಾಲಿಲ್ಲ. ಬೇಸಾಯಗಾರನ ವಾರ್ಷಿಕ ಮುಂಗಡದೊಳಗೆ, ಬೀಜದ ಪಕ್ಕ, ಒಂದು ಖರ್ಚಾಗಿ ಇದ್ದಾರೆ. ನಮ್ಮ ಲೆಕ್ಕದ ಪುಸ್ತಕದಲ್ಲೂ ಅಷ್ಟೇ, 1971ರಿಂದ ಇವತ್ತಿನವರೆಗೂ, ಗೊಬ್ಬರ, ಡೀಸೆಲ್, ಆಳು. ನಮ್ಮಲ್ಲಿ ಮೂವತ್ತೊಂದು ವರ್ಷದಿಂದ ಮರಗಸಿ ಮಾಡ್ತಿರೋ ಒಬ್ಬರಿದ್ದಾರೆ, ಅವರ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ, ಚೆಕ್‌ರೋಲಲ್ಲಿ ಬಿಟ್ರೆ.

ಈ ಯೋಚನೆ ಫ್ರಾನ್ಸಲ್ಲೇ ನಿಂತಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1776ರಲ್ಲಿ ಕಲ್ಕತ್ತಾದಲ್ಲಿದ್ದ ಫಿಲಿಪ್ ಫ್ರಾನ್ಸಿಸ್ ಅನ್ನೋ ಗವರ್ನರ್ ಜನರಲ್ ಕೌನ್ಸಿಲ್ ಸದಸ್ಯ ಬಂಗಾಳದ ಕಂದಾಯನ ಕಾಯಂ ಮಾಡ್ಬೇಕು ಅಂತ ಯೋಜನೆ ಕೊಟ್ಟ, ಅದರ ಹಿಂದೆ ಈ ಪಂಥದ ಪ್ರಭಾವ ಇತ್ತು ಅಂತ ಇತಿಹಾಸಕಾರ ರಣಜಿತ್ ಗುಹಾ 1963ರಲ್ಲಿ ತೋರಿಸಿದ್ರು. ಒಡೆತನ ಗಟ್ಟಿ ಮಾಡಿದ್ರೆ ಮಾಲೀಕ ಭೂಮಿಗೆ ಹಾಕ್ತಾನೆ, ಬೆಳೆ ಹೆಚ್ಚುತ್ತೆ ಅನ್ನೋ ನಂಬಿಕೆ. 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಾಲದಲ್ಲಿ ಕಾಯಂ ಕಂದಾಯ ಜಾರಿಗೆ ಬಂದು ಜಮೀನ್ದಾರರು ಗಟ್ಟಿಯಾದ್ರು. ಭೂಮಿಗೆ ಹಾಕೋರು ಹುಟ್ಟಲಿಲ್ಲ.

ದೊಡ್ಡಪ್ಪ ತೀರ್ಕೊಂಡು ಆರು ವರ್ಷ ಆಯ್ತು. 2018ರ ಆಗಸ್ಟಲ್ಲಿ ಮಕ್ಕಂದೂರು ಮಾದಾಪುರ ಕಡೆ ಗುಡ್ಡ ಕುಸಿದಾಗ ಅವರಿನ್ನೂ ಇದ್ರು, ಕೆರೆಯಂಚಿನ ಅರ್ಧ ಎಕರೆ ಗದ್ದೆ ಮೇಲೆ ಕೆಂಪು ಮಣ್ಣು ನಿಂತಿದ್ದನ್ನ ನೋಡ್ಕೊಂಡು, ಪ್ರಕೃತಿ ಮುಂದೆ ನಾವೇನು ಅಂದ್ರು. ಅಪ್ಪ ಆಗ ಮಳೆ ಪುಸ್ತಕ ತಂದು ತೋರಿಸಿದ್ರು, ಆ ಆಗಸ್ಟ್ ಪುಟ, ಸೊನ್ನೆ ಇರೋ ದಿನವೇ ಇಲ್ಲ, ಅಷ್ಟು ಮಳೆ. ಆಮೇಲೆ ಮೆಲ್ಲಗೆ, ಮಳೆ ಪ್ರಕೃತಿದೇ ಅಣ್ಣ, ಮೇಲಿನ ಇಳಿಜಾರಲ್ಲಿ ಜೆಸಿಬಿ ತಂದು ಗುಡ್ಡ ಕಡಿದಿದ್ದು ಯಾರು, ಅಂದ್ರು. ದೊಡ್ಡಪ್ಪ ಏನೂ ಹೇಳಲಿಲ್ಲ, ಪುಸ್ತಕ ಕೈಗೆ ತಗೊಂಡು ಹಿಂದಿನ ವರ್ಷದ ಆಗಸ್ಟ್, ಅದರ ಹಿಂದಿನ ವರ್ಷದ್ದು, ಹೀಗೇ ಪುಟ ತಿರುಗಿಸ್ತಾ ತುಂಬ ಹೊತ್ತು ಕೂತಿದ್ರು.

ಇವತ್ತು ಬೆಳಗ್ಗೆ ಹೂ ಪೂರ್ತಿ ಅರಳಿದೆ. ಕೆಳಗಿನ ರೊಬಸ್ಟಾ ತಾಕಿಗೆ ಹೋದ್ರೆ ಕಣ್ಣು ಕೋರೈಸೋ ಬಿಳಿ, ಮಲ್ಲಿಗೆಗಿಂತ ಸ್ವಲ್ಪ ಗಾಢ ವಾಸನೆ, ತಲೆ ಸುತ್ತ ಜೇನ್ನೊಣದ ಸದ್ದು ಬಿಟ್ರೆ ಬೇರೇನಿಲ್ಲ. ಹೂ ಇರೋವಾಗ ತಾಕಿನೊಳಗೆ ಯಾರೂ ಕೆಲಸಕ್ಕೆ ಇಳಿಯಲ್ಲ, ಎಲ್ಲರೂ ಮೆಣಸಿನ ಕಡೆ ಇದ್ದಾರೆ. ಬ್ಯಾಕಿಂಗ್ ಮಳೆ ಇನ್ನೆರಡು ವಾರದೊಳಗೆ ಬರದಿದ್ರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕ್ಬೇಕು, ಪಂಪಿನ ಫುಟ್‌ವಾಲ್ವ್ ಸೋರ್ತಾ ಇದೆ, ನಾಳೆ ಅದನ್ನ ಬಿಚ್ಚಿ ಸೋಮವಾರಪೇಟೆಗೆ ತಗೊಂಡು ಹೋಗ್ತೀನಿ. ಅಪ್ಪ ಮಳೆ ಪುಸ್ತಕದಲ್ಲಿ ಇವತ್ತಿನ ತಾರೀಖಿನ ಮುಂದೆ ಸೊನ್ನೆ ಬರೆದು, ಪಕ್ಕದಲ್ಲಿ ಹೂ ಅಂತ ಬರೆದಿದ್ದಾರೆ.